ಮನಸ್ ಮಾಡಿದ್ರೆ ಎಂತದೂ ಕಷ್ಟ ಇಲ್ಲೆ?

ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಶಾಲೆಯ ವಾರ್ಷಿಕೋತ್ಸವವಿರಲಿ, ಸೊಸೈಟಿಯ ವಾರ್ಷಿಕ ಸಭೆಯಿರಲಿ, ಮದುವೆಮನೆಯ ಎರಡನೇ ಪಂಕ್ತಿಗೆ ಕಾಯುವ ಜಗಲಿಯಿರಲಿ, ಒಂದು ಮಾತು ಬಂದೇ ಬರುತ್ತದೆ. ‘ಕಷ್ಟ ಹೇಳದೆಲ್ಲ ಮನಸ್ಸಲ್ಲಿ ಇಪ್ಪದು. ಮನಸ್ ಮಾಡಿದ್ರೆ ಎಂತದೂ ಕಷ್ಟ ಇಲ್ಲೆ.’ ವೇದಿಕೆಯ ಮೇಲಾದರೆ ಇದೇ ಮಾತು ಗ್ರಾಂಥಿಕ ಕನ್ನಡದಲ್ಲಿ, ಒಂದಿಬ್ಬರು ಸಾಧಕರ ಹೆಸರಿನ ಜೊತೆಗೆ ಬರುತ್ತದೆ. ಹೇಳುವವರು ಒಳ್ಳೆಯವರು. ಹೆಚ್ಚಿನವರು ಬಡತನವನ್ನೋ ಕಾಯಿಲೆಯನ್ನೋ ದಾಟಿ ಬಂದವರು, ಎದುರು ಕೂತ ಮಕ್ಕಳಿಗೆ ಒಳ್ಳೆಯದಾಗಲಿ ಎಂದೇ ಹೇಳುವವರು. ಚಪ್ಪಾಳೆ ಬೀಳುತ್ತದೆ, ನಾನೂ ತಟ್ಟುತ್ತೇನೆ. ಆದರೆ ಅವರ ಮೇಲಿನ ಗೌರವ ಇಟ್ಟುಕೊಂಡೇ ಒಂದು ತಕರಾರು ತೆಗೆಯಬೇಕು ಅನ್ನಿಸಿದೆ. ಈ ಮಾತನ್ನು ಹುಬ್ಬಳ್ಳಿಯ ಸಭಾಭವನದಲ್ಲಿ ಹೇಳಿದರೆ ಒಂದು ಲೆಕ್ಕ. ವಜ್ರಳ್ಳಿಯಲ್ಲಿ ನಿಂತು ಹೇಳುವವರಿಗೆ ಕಿಟಕಿಯಾಚೆ ನೋಡುವ ಅಭ್ಯಾಸ ಇರಬಾರದು.

ಯಲ್ಲಾಪುರದಿಂದ ಅಂಕೋಲೆಗೆ ಹೊರಟ ಹೆದ್ದಾರಿ ಅರಬೈಲ್ ಘಟ್ಟ ಇಳಿಯುವ ಮೊದಲು ಇಡಗುಂದಿ ಸಿಗುತ್ತದೆ. ಅಲ್ಲಿಂದ ಒಳಗೆ ಹೋದರೆ ವಜ್ರಳ್ಳಿ, ಇನ್ನೂ ಒಳಗೆ ಹೋದರೆ ಕಳಚೆ. ಇಲ್ಲಿ ನೀರಿದ್ದಲ್ಲಿ ತೋಟ, ತೋಟವಿದ್ದಲ್ಲಿ ಮನೆ, ಮೇಲೆ ಸೊಪ್ಪಿನ ಬೆಟ್ಟ. ನೀರು ಇರುವುದು ಕಣಿವೆಯ ತಳದಲ್ಲಾದ್ದರಿಂದ ಮನೆಗೂ ರಸ್ತೆಗೂ ನಡುವೆ ಒಂದಾದರೂ ಹಳ್ಳ ಇರುತ್ತದೆ, ಹಳ್ಳಕ್ಕೊಂದು ಸಂಕ. ಎರಡು ಮೂರು ಮರದ ದಿಮ್ಮಿ ಜೋಡಿಸಿ ಕಟ್ಟಿದ್ದು, ಕೈಗೆ ಆಸರೆಯಾಗಿ ಒಂದು ಬಿದಿರು. ಮಾರ್ಚ್ ತಿಂಗಳಲ್ಲಿ ಆರನೇ ಕ್ಲಾಸಿನ ಹುಡುಗಿ ಅದನ್ನು ದಾಟುವಾಗ ಸಂಕದ ಮೇಲೆ ಇದ್ದೇನೆ ಅನ್ನುವುದೂ ಅವಳಿಗೆ ನೆನಪಿರುವುದಿಲ್ಲ. ಜುಲೈಯಲ್ಲಿ ಅದೇ ಹುಡುಗಿ, ಅದೇ ಸಂಕ. ಆದರೆ ದಿಮ್ಮಿಯ ಮೇಲೆ ಹಾವಸೆ ಕಟ್ಟಿದೆ, ಮೊಳ ಕೆಳಗೆ ಕೆಂಪು ನೀರು ಓಡುತ್ತಿದೆ, ಬೆನ್ನಿಗೆ ಪಾಟಿಚೀಲ, ಒಂದು ಕೈಯಲ್ಲಿ ಕೊಡೆ. ಆಯಿ ದಂಡೆಯಲ್ಲಿ ನಿಂತು, ಮಗಳು ಆಚೆ ಮುಟ್ಟುವವರೆಗೂ ಮಾತಾಡುವುದಿಲ್ಲ. ಹುಡುಗಿಗೆ ಹೆದರಿಕೆಯಾಗಿದೆ, ನಿಜ. ಅವಳ ಮನಸ್ಸು ಮಾರ್ಚಿನಲ್ಲಿ ಇದ್ದಂತೆ ಇಲ್ಲ, ಅದೂ ನಿಜ. ಆದರೆ ಮನಸ್ಸು ಬದಲಾದದ್ದು ಸಂಕ ಬದಲಾದ ಮೇಲೆ. ಹೊರಗೆ ಏನಾಗಿದೆ ಎಂಬುದನ್ನು ಹೆದರಿಕೆ ಒಳಗೆ ಬಂದು ವರದಿ ಮಾಡಿದೆ, ಅಷ್ಟೆ. ವರದಿ ತಂದವನನ್ನೇ ಅಪರಾಧಿ ಮಾಡುವುದು ನ್ಯಾಯವಲ್ಲ.

ಪ್ರೇರಣಾ ಭಾಷಣಕಾರರ ಬತ್ತಳಿಕೆಯಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ. ನೆಲದ ಮೇಲೆ ಒಂದು ಹಲಗೆ ಇಡಿ, ಎಲ್ಲರೂ ಅದರ ಮೇಲೆ ನಡೆಯುತ್ತಾರೆ. ಅದೇ ಹಲಗೆಯನ್ನು ಎರಡು ಮಹಡಿಮನೆಗಳ ನಡುವೆ ಇಡಿ, ಕಾಲು ನಡುಗುತ್ತದೆ. ಹಲಗೆಯ ಅಗಲ ಬದಲಾಗಲಿಲ್ಲ, ಉದ್ದ ಬದಲಾಗಲಿಲ್ಲ, ಬದಲಾದದ್ದು ನಿಮ್ಮ ಮನಸ್ಸು ಮಾತ್ರ! ಕೇಳುವಾಗ ತಲೆದೂಗುವಂತೆಯೇ ಇದೆ. ಮನೆಗೆ ಬಂದು ಒಂದು ಲೆಕ್ಕ ಹಾಕಿದರೆ ಸಾಕು. ಸಾವಿರ ಸಲ ನಡೆದರೆ ಒಂದು ಸಲ ಕಾಲು ಜಾರುತ್ತದೆ ಎಂದಿಟ್ಟುಕೊಳ್ಳೋಣ. ನೆಲದ ಮೇಲೆ ಅದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಮಳೆಗಾಲದಲ್ಲಿ 80 ದಿನ ಶಾಲೆ, ದಿನಕ್ಕೆ ಎರಡು ಸಲ ಸಂಕ, ಆ ದಾರಿಯಲ್ಲಿ ಹತ್ತು ಮಕ್ಕಳು. ಒಟ್ಟು 1,600 ಸಲ. ನೆಲದ ಮೇಲೆ ಏನೂ ಅಲ್ಲದ ಆ ಸಾವಿರಕ್ಕೊಂದು, ಇಲ್ಲಿ ಮಳೆಗಾಲಕ್ಕೊಂದು ಮಗುವಾಯಿತು. ನೆಲದ ಹಲಗೆ ಬೇಡುವುದು ನಡಿಗೆಯನ್ನು. ಎತ್ತರದ ಹಲಗೆ ಬೇಡುವುದು ಒಮ್ಮೆಯೂ ತಪ್ಪದ ನಡಿಗೆಯನ್ನು. ಹಲಗೆ ಒಂದೇ ಆದರೂ ಕೆಲಸ ಎರಡು, ಕಾಲಿಗೆ ಅದು ಗೊತ್ತು. ‘ಶಾಲಾ ಸಂಪರ್ಕ ಸೇತು’ ಎಂಬ ಹೆಸರಿನಲ್ಲಿ ಸರ್ಕಾರ ಮಲೆನಾಡಿನ ಹಳ್ಳಗಳಿಗೆ ಕಿರುಸೇತುವೆ ಕಟ್ಟಿಸಿತಲ್ಲ, ಅವು ಬಂದ ಕಡೆ ಮಕ್ಕಳ ಮನೋಬಲದ ಪ್ರಶ್ನೆ ಏಳುವುದೇ ಇಲ್ಲ. ಪುಕ್ಕಲ ಹುಡುಗನೂ ದಾಟುತ್ತಾನೆ, ಗಟ್ಟಿಗಿತ್ತಿಯೂ ದಾಟುತ್ತಾಳೆ. ಧೈರ್ಯ ತುಂಬುವ ಭಾಷಣ ಎಷ್ಟು ಕೊಟ್ಟರೂ ಆಗದ ಸಮಾನತೆಯನ್ನು ಒಂದಿಷ್ಟು ಕಾಂಕ್ರೀಟು ಮಾಡಿಬಿಡುತ್ತದೆ.

ಸಂಕದಿಂದ ಮರಕ್ಕೆ ಬರೋಣ. ಅಡಿಕೆ ಮರ 50–60 ಅಡಿ ಏರುತ್ತದೆ, ಕಾಂಡ ಎರಡು ಅಂಗೈಯಲ್ಲಿ ಹಿಡಿಯುವಷ್ಟು. ಕೊನೆಗೌಡ, ಅಂದರೆ ಅಡಿಕೆ ಗೊನೆ ಕೊಯ್ಯುವವ, ಪಾದಕ್ಕೆ ತಳೆ ಸಿಕ್ಕಿಸಿಕೊಂಡು ಹತ್ತುತ್ತಾನೆ, ಕೊನೆ ಕೊಯ್ದು ಹಗ್ಗದಲ್ಲಿ ಜಾರಿಸುತ್ತಾನೆ, ಪಕ್ಕದ ಮರವನ್ನು ಕೊಕ್ಕೆಯಿಂದ ಎಳೆದುಕೊಂಡು ನೆಲಕ್ಕೆ ಇಳಿಯದೆ ಅದಕ್ಕೆ ದಾಟಿಬಿಡುತ್ತಾನೆ. ಕೆಳಗೆ ನಿಂತವನಿಗೆ ಕತ್ತು ಎತ್ತಿ ನೋಡಿದರೇ ತಲೆ ತಿರುಗುತ್ತದೆ. ಈ ಕೆಲಸದ ಕಷ್ಟ ಎಷ್ಟು? ಮೊದಲು ಶಕ್ತಿಯ ಲೆಕ್ಕದಲ್ಲಿ ನೋಡೋಣ. 60 ಕಿಲೋ ತೂಕದ ದೇಹವನ್ನು 15 ಮೀಟರ್ ಮೇಲಕ್ಕೆ ಒಯ್ಯಲು ಬೇಕಾಗುವುದು ಸುಮಾರು 8,800 ಜೂಲ್, ಅಂದರೆ ಎರಡು ಕಿಲೊಕ್ಯಾಲೊರಿಗಿಂತ ಸ್ವಲ್ಪ ಹೆಚ್ಚು. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಹೆಚ್ಚಿನದನ್ನು ಬಿಸಿಯಾಗಿ ಕಳೆಯುವುದರಿಂದ ಅದರ ನಾಲ್ಕೈದು ಪಟ್ಟು ಎಂದಿಟ್ಟುಕೊಂಡರೂ ಒಂದು ಸಣ್ಣ ಬಿಸ್ಕೀಟಿನ ಅರ್ಧದಷ್ಟೂ ಆಗಲಿಕ್ಕಿಲ್ಲ. ಹಾಗಾದರೆ ಸುಲಭದ ಕೆಲಸವೇ! ಈಗ ಬೀಳುವ ಲೆಕ್ಕ ಹಾಕಿ. 15 ಮೀಟರಿನಿಂದ ಕೈ ಬಿಟ್ಟರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ಹೆದ್ದಾರಿಯಲ್ಲಿ ಓಡುವ ಬೈಕಿನಿಂದ ಎಸೆದಂತೆ. ಒಂದು ಅಳತೆಯಲ್ಲಿ ಅತಿ ಸುಲಭವಾದದ್ದು ಇನ್ನೊಂದು ಅಳತೆಯಲ್ಲಿ ಪ್ರಾಣಾಂತಿಕ. ಕಷ್ಟಕ್ಕೆ ಒಂದೇ ಕೋಲಿಲ್ಲ ಎನ್ನುವುದು ನಿಜವೇ. ಶಕ್ತಿ, ಅಪಾಯ, ಕೈಯ ನಿಖರತೆ, ಹಿಡಿಯುವ ಹೊತ್ತು, ತಪ್ಪಿದರೆ ತೆರುವ ಬೆಲೆ, ಹೀಗೆ ಹಲವು ಕೋಲುಗಳಿವೆ. ಅದರಿಂದ ಕೋಲೇ ಇಲ್ಲ, ಎಲ್ಲ ಅನಿಸಿಕೆ ಎಂದು ತೀರ್ಮಾನಿಸುವುದು ಮಾತ್ರ ಅವಸರ.

ಇನ್ನೂ ಒಂದು ಸಾಕ್ಷಿ ಇದೆ, ಕಿಸೆಯ ಸಾಕ್ಷಿ. ಕೊನೆಗೌಡನ ಕೂಲಿ ತೋಟದ ಬೇರೆ ಕೆಲಸದ ಕೂಲಿಗಿಂತ ಎಷ್ಟೋ ಹೆಚ್ಚು. ಕೊನೆಕೊಯ್ಲಿನ ಕಾಲದಲ್ಲಿ ಅವನು ಯಾರ ಮನೆಗೆ ಯಾವತ್ತು ಬರುತ್ತಾನೆ ಅನ್ನುವುದರ ಮೇಲೆ ಮನೆಯವರ ಪಂಚಾಂಗ ನಡೆಯುತ್ತದೆ. ‘ಎಲ್ಲ ಮನಸ್ಸಿನಲ್ಲಿದೆ’ ಎಂದು ನಂಬಿದ ಯಜಮಾನರೂ ಅವನಿಗೆ ಹೆಚ್ಚು ಎಣಿಸಿ ಕೊಡುತ್ತಾರೆ. ಆ ಹೆಚ್ಚಿನ ನೋಟು ಯಾವುದಕ್ಕೆ? ಮನಸ್ಸಿನ ಭ್ರಮೆಗೆ ಯಾರೂ ದುಡ್ಡು ಕೊಡುವುದಿಲ್ಲ. ನಾಲಗೆ ಏನೇ ಹೇಳಲಿ, ಕಷ್ಟ ಹೊರಗೇ ಇದೆ ಎನ್ನುವುದು ಕೈಗೆ ಗೊತ್ತಿರುತ್ತದೆ.

ಇಲ್ಲಿ ಎದುರು ಪಕ್ಷದವರು ಒಂದು ಗಟ್ಟಿ ಪ್ರಶ್ನೆ ಹಾಕಬಹುದು, ಹಾಕಲಿ. ಮರ ಅದೇ, ಕೊನೆಗೌಡನಿಗೆ ಸುಲಭ, ನಿನಗೆ ಕಷ್ಟ. ಜನರಿಂದ ಜನರಿಗೆ ಬದಲಾಗುವುದು ವಸ್ತುನಿಷ್ಠ ಹೇಗಾಗುತ್ತದೆ? ನನ್ನ ಉತ್ತರ ಇಷ್ಟೇ: ಆಳನ್ನು ಅವಲಂಬಿಸುವುದು ಬೇರೆ, ಆಳಿನ ಅಭಿಪ್ರಾಯವನ್ನು ಅವಲಂಬಿಸುವುದು ಬೇರೆ. ಅಂಗಡಿಯಲ್ಲಿ ತೂಗುಹಾಕಿದ ಅಂಗಿ ನನಗೆ ಬಿಗಿ, ನನ್ನ ತಮ್ಮನಿಗೆ ಸರಿ. ಹಾಗಂತ ಬಿಗಿತ ನನ್ನ ಕಲ್ಪನೆಯಲ್ಲ, ಟೇಪು ಹಿಡಿದು ತೋರಿಸಬಹುದು. ಪರೀಕ್ಷಾಶಾಸ್ತ್ರದಲ್ಲಿ ಇದಕ್ಕೆ ಲೆಕ್ಕವೇ ಇದೆ. ಜಾರ್ಜ್ ರಾಶ್ ಎಂಬ ಡೆನ್ಮಾರ್ಕಿನ ಗಣಿತಜ್ಞ 1960ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪ್ರಶ್ನೆಯ ಕಾಠಿನ್ಯವನ್ನೂ ವಿದ್ಯಾರ್ಥಿಯ ಸಾಮರ್ಥ್ಯವನ್ನೂ ಒಂದೇ ಅಳತೆಪಟ್ಟಿಯ ಮೇಲೆ ಇಟ್ಟ. ಎರಡೂ ಸಮವಾದರೆ ಉತ್ತರ ಸರಿಯಾಗುವ ಸಾಧ್ಯತೆ ನೂರಕ್ಕೆ ಐವತ್ತು. ಪ್ರಶ್ನೆ ಮೇಲೆ ಹೋದಷ್ಟೂ ಸಾಧ್ಯತೆ ಇಳಿಯುತ್ತದೆ. ಕಷ್ಟ ಅನ್ನುವುದು ಕೆಲಸಕ್ಕೂ ಕೆಲಸಗಾರನಿಗೂ ನಡುವಿನ ಅಂತರ. ಅಂತರ ಎರಡು ತುದಿಯನ್ನೂ ಅವಲಂಬಿಸುತ್ತದೆ, ಆದರೆ ಯಲ್ಲಾಪುರಕ್ಕೂ ಶಿರಸಿಗೂ ನಡುವಿನ ದೂರದಷ್ಟೇ ನಿಜ.

ಕೊನೆಗೌಡನ ತುದಿಯಲ್ಲಿ ಇರುವುದಾದರೂ ಏನು? ಧೈರ್ಯ ಅನ್ನುತ್ತೇವೆ, ಅದು ನಾವು ಕೆಳಗೆ ನಿಂತು ಕೊಟ್ಟ ಹೆಸರು. ಹುಡುಗನಾಗಿದ್ದಾಗ ಸಣ್ಣ ಮರ ಹತ್ತಿ, ಅಂಗಾಲು ದಪ್ಪವಾಗಿ, ಯಾವ ಮರ ಎಷ್ಟು ಬಾಗುತ್ತದೆ, ಯಾವುದು ಒಳಗೆ ಟೊಳ್ಳಾಗಿದೆ ಎಂದು ಕೈತಟ್ಟಿ ಗೊತ್ತುಮಾಡಿಕೊಂಡು, ವರ್ಷಗಟ್ಟಲೆ ದೇಹದಲ್ಲಿ ಕೂಡಿಟ್ಟ ಬಂಡವಾಳ ಅದು. ನಿರ್ಭಯ ಅದರ ಬಡ್ಡಿ. ಬಂಡವಾಳವಿಲ್ಲದವನಿಗೆ ಬಡ್ಡಿ ಮಾತ್ರ ಕೊಡಿಸುತ್ತೇನೆ ಅನ್ನುವುದು ಭಾಷಣ. ಅನುಭವಿ ಕೊನೆಗೌಡನೇ ಮಳೆ ಹನಿಯುವ ದಿನ ಮರದ ಬುಡ ಮುಟ್ಟಿ ನೋಡಿ, ‘ಇವತ್ತು ಬ್ಯಾಡ ಭಟ್ರೇ, ನಾಳೆ ಬರ್ತೆ’ ಎಂದು ತಳೆ ಹೆಗಲಿಗೆ ಹಾಕಿಕೊಂಡು ಹೋಗುವುದುಂಟು. ಅವನ ಮನಸ್ಸು ದುರ್ಬಲವಾಯಿತು ಎಂದು ಯಾವ ಯಜಮಾನರೂ ಹೇಳಿದ್ದು ಕೇಳಿಲ್ಲ.

ಮನಸ್ಸಿನ ಪಾತ್ರ ಸೊನ್ನೆ ಅಂತ ನಾನು ವಾದಿಸುತ್ತಿಲ್ಲ. ಎದುರು ಪಕ್ಷದ ಒಳ್ಳೆಯ ಸಾಕ್ಷಿಗಳನ್ನೂ ನೋಡಿಬಿಡೋಣ. 1999ರಲ್ಲಿ ಅಮೆರಿಕದ ವರ್ಜೀನಿಯಾದ ಮನಶ್ಶಾಸ್ತ್ರಜ್ಞರಾದ ಭಲ್ಲಾ ಮತ್ತು ಪ್ರಾಫಿಟ್ ಒಂದು ಪ್ರಯೋಗ ಪ್ರಕಟಿಸಿದರು. ಬೆನ್ನಿಗೆ ಭಾರದ ಚೀಲ ಹಾಕಿಕೊಂಡವರ ಕಣ್ಣಿಗೆ ಎದುರಿನ ಗುಡ್ಡ ಹೆಚ್ಚು ಕಡಿದಾಗಿ ಕಂಡಿತಂತೆ. ಗುಡ್ಡದ ಏರೂ ಮನಸ್ಸಿನ ಲೆಕ್ಕವೇ ಎಂದು ಬಹಳ ಮಂದಿ ಹಿಗ್ಗಿದರು. ಹತ್ತು ವರ್ಷದ ಮೇಲೆ ಫ್ರಾಂಕ್ ಡರ್ಗಿನ್ ಮತ್ತು ಸಂಗಡಿಗರು ಅದನ್ನೇ ಬೇರೆ ರೀತಿ ಮಾಡಿದರು. ಚೀಲದಲ್ಲಿರುವುದು ಸ್ನಾಯುಗಳನ್ನು ಅಳೆಯುವ ಉಪಕರಣ ಎಂದು ಕೆಲವರಿಗೆ ನಂಬಿಸಿದರು. ಅಂಥವರಿಗೆ ಗುಡ್ಡ ಕಡಿದಾಗಿ ಕಾಣಲಿಲ್ಲ. ಚೀಲ ಕೊಟ್ಟದ್ದು ಯಾಕೆ ಎಂದು ಊಹಿಸಿದವರು ಮಾತ್ರ ಮೇಷ್ಟ್ರು ಬಯಸಿದ ಉತ್ತರ ಕೊಟ್ಟಿದ್ದರು! ಈ ವಿವಾದ ಮನಶ್ಶಾಸ್ತ್ರಜ್ಞರೊಳಗೆ ನಡೆದೇ ಇದೆ. ಅರಬೈಲ್ ಘಟ್ಟಕ್ಕೆ ಮಾತ್ರ ಅದರ ಗೊಡವೆ ಇಲ್ಲ, ಸರಕು ತುಂಬಿದ ಲಾರಿಗೂ ಖಾಲಿ ಲಾರಿಗೂ ಒಂದೇ ಏರು ಇಟ್ಟುಕೊಂಡಿದೆ.

‘ಬೆಳೆಯುವ ಮನೋಭಾವ’ದ ಸಾಕ್ಷಿ ಇದಕ್ಕಿಂತ ಗಟ್ಟಿ. ಬುದ್ಧಿ ಹುಟ್ಟಿನಿಂದ ಅಳೆದು ಕೊಟ್ಟದ್ದಲ್ಲ, ದುಡಿದರೆ ಬೆಳೆಯುತ್ತದೆ ಎಂದು ನಂಬಿದ ಮಕ್ಕಳು ಮುಂದೆ ಹೋಗುತ್ತಾರೆ ಎನ್ನುವುದು ಮನಶ್ಶಾಸ್ತ್ರಜ್ಞೆ ಕೆರೋಲ್ ಡ್ವೆಕ್ ಅವರ ವಾದ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿಯ ಮಕ್ಕಳ ಮೇಲೆ ಅದನ್ನು ದೊಡ್ಡದಾಗಿ ಪರೀಕ್ಷಿಸಿದ್ದರು. ಒಂದು ಗಂಟೆಯೂ ಹಿಡಿಯದ ಆನ್‌ಲೈನ್ ಪಾಠದಿಂದ, ಹಿಂದೆ ಬಿದ್ದ ಮಕ್ಕಳ ಸರಾಸರಿ ಅಂಕ ನಾಲ್ಕರ ಅಳತೆಯಲ್ಲಿ 0.1ರಷ್ಟು ಏರಿತು. ಅಷ್ಟು ಕಡಿಮೆ ಖರ್ಚಿಗೆ ಸಣ್ಣ ಲಾಭವೂ ಲಾಭವೇ, ತಳ್ಳಿಹಾಕುವ ಮಾತಿಲ್ಲ. ಆದರೆ ಸವಾಲನ್ನು ಎದುರಿಸುವುದಕ್ಕೆ ಸಹಪಾಠಿಗಳ ಬೆಂಬಲ ಇದ್ದ ಶಾಲೆಗಳಲ್ಲೇ ಅದು ನಿಂತದ್ದು. ನಾಲ್ಕರಲ್ಲಿ 0.1 ಎಂದರೆ ಎಷ್ಟು, ವೇದಿಕೆಯ ಮೇಲೆ ನಾವು ಕೊಡುವ ಭರವಸೆ ಎಷ್ಟು, ತಾಳೆ ಹಾಕಿ ನೋಡಿ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಕೆಲಸ. ದುಡಿಯುವವನನ್ನೇ ‘ಎಷ್ಟು ಶ್ರಮ ಅನ್ನಿಸ್ತಿದೆ?’ ಎಂದು ಕೇಳಿ 6ರಿಂದ 20ರ ತನಕ ಅಂಕ ಹಾಕಿಸುವ ಪದ್ಧತಿ ಅದು. 6 ಯಾಕೆ, 1 ಯಾಕಲ್ಲ? ಆರೋಗ್ಯವಂತರಲ್ಲಿ ಆ ಅಂಕವನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ನಿಮಿಷದ ಹೃದಯಬಡಿತ ಬರುವಂತೆ ಇಟ್ಟದ್ದು. ಇದರ ಅರ್ಥ ದೊಡ್ಡದು. ಮನುಷ್ಯ ‘ಕಷ್ಟ ಆಗ್ತಿದೆ’ ಎಂದಾಗ ಅವನ ಮಾತು ಎದೆಬಡಿತದ ಜೊತೆ ತಕ್ಕಮಟ್ಟಿಗೆ ಕೂಡಿಬರುತ್ತದೆ. ಡಾಕ್ಟರುಗಳು, ಕ್ರೀಡಾ ತರಬೇತುದಾರರು ಆ ಮಾತನ್ನು ನಂಬಿ ವ್ಯಾಯಾಮದ ಭಾರ ಗೊತ್ತುಮಾಡುತ್ತಾರೆ. ನಾವು ಮಾತ್ರ ಅದನ್ನು ನೆವ ಅನ್ನುತ್ತೇವೆ.

2020ರಲ್ಲಿ ಶಾಲೆ ಮುಚ್ಚಿ ಮೊಬೈಲಿನಲ್ಲಿ ಪಾಠ ಶುರುವಾದಾಗ ಇದು ಕಣ್ಣಿಗೆ ರಾಚುವಂತೆ ಕಂಡಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಣಿವೆಯ ಮನೆಗಳ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು, ಕಾಡಿನ ನಡುವೆ ಕೊಡೆ ಹಿಡಿದು ಕೂತರು, ಪತ್ರಿಕೆಗಳಲ್ಲಿ ಫೋಟೋ ಬಂತು. ಶೀರ್ಷಿಕೆಗಳೆಲ್ಲ ಛಲದ ಮೇಲೆ, ಸಾಧಿಸುವ ಹಂಬಲದ ಮೇಲೆ. ಛಲ ಇದ್ದದ್ದು ನಿಜ, ಮೆಚ್ಚಬೇಕಾದದ್ದೇ. ಆದರೆ ಗುಡ್ಡ ಹತ್ತದೆ ಮನೆಯಲ್ಲೇ ಉಳಿದ ಮಗುವಿಗೆ ಆ ಶೀರ್ಷಿಕೆ ಏನು ಹೇಳಿತು? ನಿನಗೆ ಛಲ ಇಲ್ಲ ಎಂದಿತು. ಆ ಮಗುವಿಗೆ ಇಲ್ಲದಿದ್ದದ್ದು ಟವರು. ಜೊತೆಗೆ, ಮಧ್ಯಾಹ್ನ ಹನ್ನೆರಡಕ್ಕೆ ದನ ಬಿಟ್ಟು ಗುಡ್ಡಕ್ಕೆ ಕಳಿಸಬಲ್ಲ ಮನೆ.

ನನ್ನ ಆಕ್ಷೇಪದ ಬುಡ ಇರುವುದು ಇಲ್ಲಿ. ಕಷ್ಟ ಮನಸ್ಸಿನಲ್ಲಿದೆ ಎಂದು ಒಪ್ಪಿಕೊಂಡ ಕೂಡಲೇ ಹೊರಗೆ ಹುಡುಕುವ ಕೆಲಸ ನಿಂತುಹೋಗುತ್ತದೆ. ಕೊಳೆರೋಗದ ಚರಿತ್ರೆ ನೋಡಿ. ಮಳೆ ಹಿಡಿದುಕೊಂಡಾಗ ಎಳೆ ಅಡಿಕೆ ಕೊಳೆತು ಬುಡಕ್ಕೆ ಉದುರುವ ಈ ರೋಗಕ್ಕೆ ನಮ್ಮ ಹಿರಿಯರ ಉಪಾಯ ಕೊಟ್ಟೆ ಕಟ್ಟುವುದು. ಕರಡದ ಹುಲ್ಲಿನಿಂದ ಹೊದಿಕೆ ಹೆಣೆದು, ಒಂದೊಂದು ಕೊನೆಗೂ ಮರ ಹತ್ತಿ, ಮಳೆ ಹಿಡಿಯುವುದರೊಳಗೆ ಕಟ್ಟಿ ಮುಗಿಸಬೇಕು. ತಾಳ್ಮೆಯ ಲೆಕ್ಕದಲ್ಲಿ ಅವರಿಗೆ ಯಾರೂ ಸಾಟಿಯಿಲ್ಲ. ಆದರೂ ಕೊಟ್ಟೆ ಕಟ್ಟಿಸಲಾಗದವರ ತೋಟದಲ್ಲಿ ಕೊಳೆ ಬಂತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗದ ಬೆನ್ನು ಹತ್ತಿದರು, 1910ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ಕಾರಣ ಒಂದು ಸೂಕ್ಷ್ಮಜೀವಿ, ಫೈಟಾಫ್ತೊರಾ ಕುಲದ್ದು. ಮದ್ದು, 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ ರೂಪುಗೊಂಡ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಸರಿಯಾಗಿ ಕೂಡಿದೆಯೋ ಎಂದು ನೋಡಲು ಹೊಳೆಯುವ ಕತ್ತಿ ಅದ್ದುತ್ತಾರೆ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಕತ್ತಿಗೆ ಹತ್ತಿದ ಬಣ್ಣಕ್ಕೆ ಬೆರೆಸುವವನ ಆತ್ಮವಿಶ್ವಾಸದ ಜೊತೆ ಯಾವ ಸಂಬಂಧವೂ ಇಲ್ಲ. ಕೋಲ್ಮನ್ ಬೆಳೆಗಾರರ ಮನೋಭಾವವನ್ನು ತಿದ್ದಲು ಹೊರಟಿದ್ದರೆ ಇವತ್ತಿಗೂ ನಾವು ಕರಡ ಹೆಣೆಯುತ್ತಿದ್ದೆವೇನೋ.

ಇದೇ ಫೈಟಾಫ್ತೊರಾ ಕುಲದ ಇನ್ನೊಂದು ಜೀವಿ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿತ್ತು. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಮಂದಿ ದೇಶ ಬಿಟ್ಟರು. ಪರಿಹಾರದ ಹೊಣೆ ಹೊತ್ತಿದ್ದ ಲಂಡನ್ನಿನ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್‌ಗೆ ಕಂಡದ್ದು ಬೇರೆ. ಬರಕ್ಕಿಂತ ದೊಡ್ಡ ಕೇಡು ಐರಿಷ್ ಜನರ ಸ್ವಭಾವದಲ್ಲಿದೆ, ಹೆಚ್ಚು ನೆರವು ಕೊಟ್ಟರೆ ಅವರು ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಯಲಾರರು ಎಂಬುದು ಆತನ ನಿಲುವು. ಗಡ್ಡೆಯಲ್ಲಿದ್ದ ರೋಗವನ್ನು ಆತ ಮನಸ್ಸಿನಲ್ಲಿ ಹುಡುಕಿದ. (ಈತ ನಮಗೆ ಪೂರ್ತಿ ಹೊರಗಿನವನೂ ಅಲ್ಲ. 1859ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ. ಆಗ ಯಲ್ಲಾಪುರದ ಸೀಮೆಯೂ ಸೇರಿದ ಕೆನರಾ ಮದರಾಸು ಆಡಳಿತದಲ್ಲೇ ಇತ್ತು. ಉತ್ತರ ಭಾಗ ಮುಂಬಯಿಗೆ ಸೇರಿದ್ದು 1862ರಲ್ಲಿ.) ನಮ್ಮ ಸಭೆಗಳ ಸಜ್ಜನ ಭಾಷಣಕಾರರನ್ನು ಅವನ ಪಕ್ಕ ಕೂರಿಸುವ ಉದ್ದೇಶ ನನಗಿಲ್ಲ. ಅವರ ಹೃದಯ ಬೇರೆ. ಆದರೆ ತರ್ಕ ಅದೇ ದಾರಿಯದು, ಅಧಿಕಾರದಲ್ಲಿರುವವರ ಕೈಗೆ ಸಿಕ್ಕಿದರೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಹೇಳಿದೆ.

2021ರ ಜುಲೈ ಮಳೆಗೆ ಕಳಚೆಯಲ್ಲಿ ಗುಡ್ಡ ಕುಸಿಯಿತು. ತಲೆಮಾರುಗಳಿಂದ ಮಾಡಿದ ತೋಟ, ಮನೆ, ರಸ್ತೆ ಮಣ್ಣಿನಡಿ ಹೋದವು. ಅರಬೈಲಿನಲ್ಲಿ ಹೆದ್ದಾರಿ ಕುಸಿಯಿತು, ಗಂಗಾವಳಿಯ ಗುಳ್ಳಾಪುರ ಸೇತುವೆ ಕೊಚ್ಚಿಹೋಗಿ ಆಚೆ ದಡದ ಊರುಗಳು ಆಚೆಯೇ ಉಳಿದವು. ಆಮೇಲೆ ಬಂದವರೆಲ್ಲ ‘ಧೈರ್ಯವಾಗಿರಿ’ ಅಂದರು. ಆ ಹೊತ್ತಿಗೆ ಬೇರೇನು ಹೇಳಲಾಗುತ್ತದೆ, ನಾನಾದರೂ ಅದನ್ನೇ ಹೇಳುತ್ತಿದ್ದೆ. ಆದರೆ ಧೈರ್ಯ ಇದ್ದೂ ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕೇ ಬೇಕು. ಕುಸಿದ ಗುಡ್ಡದ ಕೆಳಗೆ ಮತ್ತೆ ನೆಡಬಹುದೇ ಅನ್ನುವುದು ಮಣ್ಣಿನ, ನೀರಿನ, ಇಳಿಜಾರಿನ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವರು ಭೂವಿಜ್ಞಾನಿಗಳು. ಇನ್ನು ಊರು ಬಿಡಲು ಒಪ್ಪದ ಹಿರಿಯರು, ಬಿಟ್ಟುಹೋಗೋಣ ಅನ್ನುವ ಕಿರಿಯರು, ಇವರಿಬ್ಬರಲ್ಲಿ ಯಾರ ಮನೋಬಲ ಹೆಚ್ಚು? ಹೀಗೆ ಕೇಳುವುದೇ ಅಸಂಬದ್ಧ ಅನ್ನಿಸುವುದಿಲ್ಲವೇ?

‘ಕಷ್ಟ ಇಲ್ಲ’ ಅನ್ನುವ ಮಾತಿಗೆ ಇನ್ನೊಂದು ಮಗ್ಗುಲಿದೆ, ಅದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ‘ಅದು ಸುಲಭದ ಕೆಲಸ’ ಎಂದು ಇನ್ನೊಬ್ಬರ ಕೆಲಸದ ಬಗ್ಗೆ ತೀರ್ಪು ಕೊಡುವುದು. ಮರ ಹತ್ತುವುದು ಕಷ್ಟ ಅನ್ನುವುದು ಎಲ್ಲರಿಗೂ ಕಾಣುತ್ತದೆ, ಯಾಕೆಂದರೆ ಅದು ಎತ್ತರದಲ್ಲಿ ನಡೆಯುತ್ತದೆ. ಅಡಿಕೆ ಸುಲಿಯುವ ಕೆಲಸ ನಡೆಯುವುದು ನೆಲದ ಮೇಲೆ. ಮೆಟ್ಟುಗತ್ತಿಯ ಮುಂದೆ ಕೂತು, ಸುಲಿದಷ್ಟಕ್ಕೆ ಕೂಲಿಯ ಲೆಕ್ಕದಲ್ಲಿ, ರಾತ್ರಿಯ ತನಕ ಅಡಿಕೆ ಸುಲಿಯುವ ಹೆಂಗಸರ ಕೈ ಚೊಗರಿಗೆ ಕಪ್ಪಾಗಿರುತ್ತದೆ, ಬೆರಳು ಸೀಳಿರುತ್ತದೆ, ಸೊಂಟ ಹಿಡಿದಿರುತ್ತದೆ. ಒಂದು ಅಡಿಕೆ ಸುಲಿಯುವುದು ಸುಲಭ, ಒಪ್ಪೋಣ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂತು ಸಾವಿರಾರು ಸುಲಿಯುವುದು ಬೇರೆಯೇ ಕೆಲಸ. ಅವರೆಲ್ಲರಿಗೂ ಚಾ, ಅವಲಕ್ಕಿ, ಊಟ ಮಾಡಿ ಬಡಿಸುವ ಒಳಗಿನ ಹೆಂಗಸಿನ ದಿನ ಇನ್ನೂ ಉದ್ದ, ಅದಕ್ಕೆ ಕೂಲಿಯೂ ಇಲ್ಲ, ಕಷ್ಟದ ಪಟ್ಟಿಯಲ್ಲಿ ಹೆಸರೂ ಇಲ್ಲ. ‘ಮನೆ ಕೆಲಸ ಎಂತ ಕಷ್ಟವೇ, ಮನಸ್ಸಿಟ್ಟು ಮಾಡಿದ್ರೆ ಆತು’ ಎಂಬ ಉಪದೇಶ ಮಾತ್ರ ಇದೆ. ಕಷ್ಟ ಮನಸ್ಸಿನಲ್ಲಿದೆ ಅನ್ನುವ ಸಿದ್ಧಾಂತ ಸಾಮಾನ್ಯವಾಗಿ ಯಾರಿಂದ ಯಾರಿಗೆ ಹರಿಯುತ್ತದೆ ಎಂದು ಗಮನಿಸಿದ್ದೀರಾ? ಕೂತವರಿಂದ ನಿಂತವರಿಗೆ, ಕೆಳಗಿದ್ದವರಿಂದ ಮರದ ಮೇಲಿದ್ದವರಿಗೆ, ಉಂಡವರಿಂದ ಬಡಿಸುವವರಿಗೆ. ತಿರುಗಿ ಹರಿದದ್ದು ನಾನು ಕಂಡಿಲ್ಲ. ಸ್ವಂತಕ್ಕೆ ಹೇಳಿಕೊಂಡರೆ ಅದು ಒಳ್ಳೆಯ ಮಂತ್ರ. ಎಷ್ಟೋ ಜನ ಅದನ್ನು ಹಿಡಿದೇ ಬದುಕಿದ್ದಾರೆ, ಅವರ ಮುಂದೆ ನಾನು ಬಾಯಿ ತೆರೆಯುವುದಿಲ್ಲ. ಇನ್ನೊಬ್ಬರಿಗೆ ಹೇಳಿದಾಗಲೇ ಅದು ಕೂಲಿಯ ಚೌಕಾಶಿಯಾಗುವುದು.

ಕಷ್ಟ ಹೊರಗಿದೆ ಎಂದು ನಂಬಿದವರು ಏನು ಮಾಡುತ್ತಾರೆ ಎನ್ನುವುದಕ್ಕೆ ಉದಾಹರಣೆ ಬೇಕಾದರೆ ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರಿದ್ದಾರೆ. ಅಡಿಕೆ ಮರ ಹತ್ತುವ ಪೆಟ್ರೋಲ್ ಬೈಕ್ ಮಾಡಿ 2019ರಲ್ಲಿ ದೇಶವಿಡೀ ಸುದ್ದಿಯಾದರು. ನಮ್ಮ ಕಡೆ ಬಂದದ್ದು ಕಾರ್ಬನ್ ಫೈಬರ್ ದೋಟಿ. ಹತ್ತಾರು ಸಾವಿರ ರೂಪಾಯಿ ಬೆಲೆ, ಮಡಚಿದರೆ ಹೆಗಲ ಮೇಲೆ ಹೊರುವಷ್ಟು, ಎಳೆದರೆ ಮರದ ತುದಿ ಮುಟ್ಟುತ್ತದೆ. ನೆಲದಲ್ಲೇ ನಿಂತು ಮದ್ದು ಹೊಡೆಯಬಹುದು, ಕೊನೆ ಕೊಯ್ಯಬಹುದು. ಬೀಳುವ ಭಯ ಹೋಯಿತು, ಮರ ಹತ್ತಲಾಗದವನೂ ಕೊಯ್ಲು ಮಾಡುವಂತಾಯಿತು. ಹಾಗಂತ ಕಷ್ಟ ಮಾಯವಾಗಲಿಲ್ಲ, ಜಾಗ ಬದಲಿಸಿತು. ಈಗ ಅದು ಕತ್ತಿನಲ್ಲಿ, ಹೆಗಲಿನಲ್ಲಿ, ಗಾಳಿಗೆ ಓಲಾಡುವ ಉದ್ದನೆಯ ಕೋಲನ್ನು ನೆಟ್ಟಗೆ ಹಿಡಿಯುವ ಮುಂಗೈಯಲ್ಲಿ ಇದೆ. ಇದರಿಂದ ಆದ ಇನ್ನೊಂದು ಉಪಕಾರ ತಯಾರಿಸಿದವರ ಲೆಕ್ಕದಲ್ಲೂ ಇದ್ದಿರಲಿಕ್ಕಿಲ್ಲ. ಕೊನೆಗೌಡ ಸಿಗದ ವರ್ಷ ಯಜಮಾನರೇ ದೋಟಿ ಹಿಡಿದು ತೋಟಕ್ಕೆ ಇಳಿಯುತ್ತಾರೆ. ಮಧ್ಯಾಹ್ನದೊಳಗೆ ಕತ್ತು ಹಿಡಿದು, ಜಗಲಿಯಲ್ಲಿ ಕೂತು ಎಣ್ಣೆ ತಿಕ್ಕಿಸಿಕೊಳ್ಳುತ್ತ, ಮರುವರ್ಷಕ್ಕೆ ದೋಟಿ ಹಿಡಿಯುವ ಆಳಿಗೆ ಎಷ್ಟು ಕೊಡುವುದು ನ್ಯಾಯ ಎಂದು ತಾವಾಗಿಯೇ ಲೆಕ್ಕ ಹಾಕತೊಡಗುತ್ತಾರೆ.